ತಕಧಿಮಿಯಿಂದ ತಕಿಟಕ್ಕೆ

ನಮ್ಮ ದಾವಣಗೆರೆಯಲ್ಲಿ ಡಿಜೆ ಅಂದರೆ ಸಾಮಾನು. ಲಾರಿ ಮೇಲೆ ಗೋಡೆ ಕಟ್ಟಿದ ಹಾಗೆ ಜೋಡಿಸಿದ ಸ್ಪೀಕರ್‌ಗಳು. "ಡಿಜೆ ಬಂತಾ?" ಅಂತಲೇ ಕೇಳುತ್ತಾರೆ. "ಬಂದ್ರಾ?" ಅಂದವರು ಇವತ್ತಿಗೂ ಕಡಿಮೆ. ಇಂಥ ಊರಲ್ಲಿ ಹಾಡಿಗೆ ಹಾಡು ಬೆಸೆದು ಹಾಕುವ ಡಿಜೆ ಆಗಿ ನಾನು "ಹೌಸ್ ಬಿಟ್ಟು ಬೇರೇನೂ ಹಾಕಲ್ಲ" ಅಂತ ಹೊರಟಿದ್ದೆ.

ಹೌಸ್ 1980ರ ದಶಕದ ಶುರುವಿನಲ್ಲಿ ಶಿಕಾಗೋದಲ್ಲಿ ಹುಟ್ಟಿದ ಸಂಗೀತ. ಅಲ್ಲಿನ ವೇರ್‌ಹೌಸ್ ಅನ್ನೋ ಕ್ಲಬ್ಬಿನಲ್ಲಿ ಫ್ರಾಂಕಿ ನಕಲ್ಸ್ ಹಾಕುತ್ತಿದ್ದ ಹಾಡುಗಳಿಂದ ಆ ಹೆಸರು ಬಂತು ಅನ್ನುತ್ತಾರೆ. ನಿಮಿಷಕ್ಕೆ 120ರಿಂದ 130 ಬೀಟ್, ಪ್ರತಿ ಬೀಟಿಗೂ ಒಂದು ಕಿಕ್, ಅಂದರೆ ದೊಡ್ಡ ಡ್ರಮ್ಮಿನ ದಪ್ಪ ಪೆಟ್ಟು. ಇಂಜಿನಿಯರಿಂಗ್ ಓದುವಾಗ ಲ್ಯಾಪ್‌ಟಾಪ್‌ನ ಹಾಡು ಬೆಸೆಯೋ ಒಂದು ಸೆಕೆಂಡ್ ಹ್ಯಾಂಡ್ ಕಂಟ್ರೋಲರ್ ತಗೊಂಡು ಎರಡು ವರ್ಷ ಬರೀ ಇದನ್ನೇ ತಿಕ್ಕಿದೆ. ಲಾಭವೂ ಆಯಿತು. ಎಲ್ಲ ಹಾಡುಗಳ ವೇಗ ಹೆಚ್ಚುಕಮ್ಮಿ ಒಂದೇ ಆದ್ದರಿಂದ ಕಿವಿ ಸಣ್ಣ ಸಣ್ಣ ವಿಷಯಗಳ ಕಡೆ ಹೋಗುತ್ತದೆ. ಎರಡು ಹಾಡಿನ ಬೇಸ್, ಅಂದರೆ ತಗ್ಗಿನ ದಪ್ಪ ದನಿ, ಒಟ್ಟಿಗೆ ಬಿದ್ದರೆ ಕೆಸರಾಗುತ್ತದೆ, ಒಂದನ್ನು ಇಳಿಸಿಯೇ ಇನ್ನೊಂದನ್ನು ಏರಿಸಬೇಕು. ಸುಮಾರು 32 ಬೀಟಿಗೊಮ್ಮೆ ಹಾಡು ಮಗ್ಗುಲು ಬದಲಿಸುತ್ತದೆ, ಹೊಸ ಹಾಡು ಅಲ್ಲೇ ಒಳಗೆ ಬರಬೇಕು. ಈ ಕಿವಿ ಹತ್ತು ಬಗೆಯ ಹಾಡು ಹಾಕಿಕೊಂಡು ಕೂತಿದ್ದರೆ ನನಗೆ ಬರುತ್ತಿರಲಿಲ್ಲ.

ಮೊದಲ ದೊಡ್ಡ ಕೆಲಸ ಹದಡಿ ರಸ್ತೆ ಕಡೆಯ ಒಂದು ಕಲ್ಯಾಣ ಮಂಟಪದಲ್ಲಿ, ಆರತಕ್ಷತೆ. ನಲವತ್ತು ನಿಮಿಷ ಹೌಸ್ ಹಾಕಿದೆ. ಮಿಕ್ಸಿಂಗ್ ಬಹಳ ಚೆನ್ನಾಗಿತ್ತು, ನಾನೇ ಹೇಳಬೇಕು. ಮೂರು ಹುಡುಗರು ಕುಣಿದರು, ಅದೂ ನನ್ನ ಫ್ರೆಂಡ್ಸ್. ಆಮೇಲೆ ಮದುಮಗನ ಸೋದರಮಾವ ಹತ್ತಿರ ಬಂದು, ನಿಜವಾಗಲೂ ಗೊತ್ತಾಗದೆ ಕೇಳಿದರು: "ತಮ್ಮಾ, ಹಾಡು ಯಾವಾಗ ಶುರು ಆಗ್ತದೆ?"

ಗಾಬರಿಯಲ್ಲಿ ಒಂದು ಹಲಗೆ ಬಡಿತದ ಜನಪದ ಹಾಡು ಹುಡುಕಿದೆ. ಸ್ಕ್ರೀನ್ ಮೇಲೆ ಅದರ ವೇಗ 93 ಅಂತ ಇತ್ತು, ಓಡುತ್ತಿದ್ದ ಹೌಸ್‌ದು 124. ಎರಡರ ವೇಗ ತಾನೇ ಒಂದು ಮಾಡುವ ಸಿಂಕ್ ಬಟನ್ ಒತ್ತಿದೆ. ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಹಾಡು ಓಡಿತು. ಎದ್ದು ಬಂದಿದ್ದ ಹೆಂಗಸರು ನಗುತ್ತಾ ವಾಪಸ್ ಹೋಗಿ ಕೂತರು. ಮಾತಾಡಿದ್ದ 4,000 ರೂಪಾಯಿಯಲ್ಲಿ 1,000 ಮುರಿದುಕೊಂಡು ಕೊಟ್ಟರು. ಇಡೀ ಕೊಟ್ಟಿದ್ದರೆ ನನಗೇ ನಾಚಿಕೆ ಆಗುತ್ತಿತ್ತು.

ಆ ಸಿಟ್ಟಿಗೆ ಪೂರ್ತಿ ಉಲ್ಟಾ ಆದೆ. ಪೆನ್ ಡ್ರೈವ್ ತುಂಬ ಸಾವಿರಾರು ಹಾಡು. ಕನ್ನಡ, ತೆಲುಗು, ಹಿಂದಿ, ಪಂಜಾಬಿ, ಜನಪದ, ಏನು ಕೇಳಿದರೂ ಇದೆ. ಕೆಲಸ ಜಾಸ್ತಿಯಾಯಿತು, ಗಣೇಶನ ಸೀಸನ್‌ನಲ್ಲಿ ನಿದ್ದೆಯೇ ಇಲ್ಲ. ಆದರೆ ಯಾವ ಹಾಡೂ ಮೊದಲ ಒಂದು ನಿಮಿಷದಾಚೆ ನನಗೆ ಗೊತ್ತಿರಲಿಲ್ಲ. ಎಲ್ಲಿ ಪಲ್ಲವಿ ಮತ್ತೆ ಬರುತ್ತೆ, ಎಲ್ಲಿ ಸುಮ್ನೆ ಕೊಳಲು ಮಾತ್ರ ಉಳಿಯುತ್ತೆ, ಒಂದೂ ಗೊತ್ತಿಲ್ಲ. ಚೀಟಿ ಬರುತ್ತದೆ, ಹಾಡು ಹಾಕುತ್ತೇನೆ. ಇದಕ್ಕೆ ನಾನೇ ಯಾಕೆ ಬೇಕು? ನಾನು ಬರಲ್ಲ ಅಂದ ದಿನ ಸೌಂಡ್ ಸಿಸ್ಟಮ್ ಹುಡುಗನೇ ಮೊಬೈಲ್‌ನಲ್ಲಿ ಹಾಕಿ ಮುಗಿಸಿದ.

ದಾರಿ ತೋರಿಸಿದ್ದು ನಮ್ಮ ಓಣಿಯ ಒಬ್ಬ ಅಜ್ಜ. ಹಲಗೆ ಬಾರಿಸುವವರು. ಲ್ಯಾಪ್‌ಟಾಪ್ ತೋರಿಸಿ 93ರ ಕಥೆ ಹೇಳಿದೆ. "ಅದನ್ನ ಯಾಕ್ ನೋಡ್ತೀಯಪ್ಪ, ಕುಣಿಯೋರ ಕಾಲು ಎಲ್ಲಿ ಬೀಳ್ತದೆ ನೋಡು" ಅಂದರು. ಕಾಲು ನೋಡಿ ಎಣಿಸಿದೆ. ನಿಮಿಷಕ್ಕೆ 124 ಹೆಜ್ಜೆ! ಹಾಡು ಮೊದಲೇ ಹೌಸ್‌ನ ವೇಗದಲ್ಲೇ ಇತ್ತು.

ಆಗಿದ್ದು ಇಷ್ಟೇ. ಹೌಸ್‌ನಲ್ಲಿ ಒಂದು ಹೆಜ್ಜೆಯೊಳಗೆ ನಾಲ್ಕು ತುಂಡು: ತಕಧಿಮಿ. ನಮ್ಮ ಕಡೆ ಕುಣಿಯುವ ಎಷ್ಟೋ ಹಾಡುಗಳಲ್ಲಿ ಮೂರು ತುಂಡು: ತಕಿಟ. ಸಾಫ್ಟ್‌ವೇರ್ ನಾಲ್ಕರ ಲೆಕ್ಕಕ್ಕೇ ಒಗ್ಗಿದ್ದು. ತಕಿಟ ಸಿಕ್ಕಾಗ ಎಷ್ಟೋ ಸಲ ಎಡವಿ ಒಂದೂವರೆ ಪಟ್ಟು, ಅಂದರೆ 186, ಇಲ್ಲವೇ ಅದರ ಅರ್ಧ 93 ಅನ್ನುತ್ತದೆ. ಹೆಜ್ಜೆಗೆ ಹೆಜ್ಜೆ ಕೂಡಿಸಿದರೆ ಸಾಕು, ಒಳಗಿನ ತುಂಡುಗಳು ಮಾತ್ರ ಜಗಳ ಆಡುತ್ತವೆ. ಹೌಸ್‌ನಲ್ಲಿ ಆ ತುಂಡುಗಳು ಹೆಚ್ಚಾಗಿ ಕೇಳಿಸುವುದು ಹೈ-ಹ್ಯಾಟ್‌ನಲ್ಲಿ, ಅಂದರೆ ಡ್ರಮ್ ಸೆಟ್ಟಿನ ಚಿಕ್ಕ ತಾಳದ ಚಿಸ್ ಚಿಸ್ ಸದ್ದಿನಲ್ಲಿ. ಹಾಗಾಗಿ ಮೇಲಿನ ಸಣ್ಣ ದನಿಯ ಹೈ ನಾಬ್ ಪೂರ್ತಿ ಇಳಿಸುತ್ತೇನೆ, ನಡುವಿನ ದನಿಯ ಮಿಡ್ ಅರ್ಧ. ಬರೀ ಕಿಕ್ ಉಳಿಯುತ್ತದೆ. ಅದರ ಮೇಲೆ ಹಲಗೆಯನ್ನು ಬೇಸ್ ಇಲ್ಲದೆ ತರುತ್ತೇನೆ. ಎಂಟು ಹೆಜ್ಜೆ ಎರಡೂ ಒಟ್ಟಿಗೆ. ಆಮೇಲೆ ಬೇಸ್ ಅದಲುಬದಲು. ಮೊದಲ ಸಲ ಇದು ಸರಿಯಾಗಿ ಬಿದ್ದಾಗ ರೂಮಿನಲ್ಲಿ ಒಬ್ಬನೇ ಕೂಗಿದ್ದೆ, ಅಮ್ಮ ಓಡಿ ಬಂದರು.

ಬೇಸ್ ಕೆಸರಾಗದ ಹಾಗೆ ಬದಲಿಸುವುದು, ಸರಿಯಾದ ಮಗ್ಗುಲಲ್ಲಿ ನುಗ್ಗುವುದು, ಎಲ್ಲ ಆ ಎರಡು ವರ್ಷದ ಹೌಸ್‌ನ ಪಾಠವೇ. ಹಳೇ ಸಿನಿಮಾ ಹಾಡಿಗೆ ಮಾತ್ರ ಅದೂ ನಡೆಯಲ್ಲ. ವಾದ್ಯದವರೆಲ್ಲ ಒಟ್ಟಿಗೆ ಕೂತು ನುಡಿಸಿದ್ದು ಅದು. ವೇಗ ಅಲ್ಲಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ಅದಕ್ಕೆ ಉದ್ದ ಮಿಕ್ಸ್ ಬೇಡ, ಪಲ್ಲವಿ ಮುಗಿದ ತಕ್ಷಣ ಕಟ್.

ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ಒಮ್ಮೆ ಎರಡು ಗಂಟೆ ಬರೀ ಹೌಸ್ ಹಾಕಿದೆ. ಸುಖ ಅಂದರೆ ಸುಖ. ಕೊಟ್ಟದ್ದು ನಮ್ಮೂರ ಮದುವೆಯ ಅರ್ಧ. ಬಸ್ ಚಾರ್ಜ್ ಕಳೆದು ಮಿರ್ಚಿ ಮಂಡಕ್ಕಿಗೆ ಉಳಿಯಿತು.

ಈಗ ಮದುವೆಯ ಪೆನ್ ಡ್ರೈವ್‌ನಲ್ಲಿ 400 ಹಾಡು, ಅಷ್ಟೇ. ಪ್ರತಿಯೊಂದನ್ನೂ ಕೊನೆಯವರೆಗೆ ಕೇಳಿದ್ದೇನೆ, ತಕಿಟದವಕ್ಕೆ ಹೆಜ್ಜೆ ನಾನೇ ಎಣಿಸಿ ವೇಗ ತಿದ್ದಿದ್ದೇನೆ. ಯಾರಾದರೂ ಕೇಳಿದ ಹಾಡು ಇಲ್ಲದಿದ್ದರೆ "ಇಲ್ಲ ಅಣ್ಣ" ಅನ್ನುತ್ತೇನೆ. ಬಯಲಿನಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ, 2000ನೇ ಇಸವಿಯ ನಿಯಮ. ಊಟ ಮುಗಿಸಿ ಜನ ಬರುವಷ್ಟರಲ್ಲಿ ಒಂಬತ್ತಾಗಿರುತ್ತದೆ. ಉಳಿಯುವ ಒಂದು ಗಂಟೆಯಲ್ಲಿ ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಒಮ್ಮೆಯಾದರೂ ಏಳಬೇಕಲ್ವಾ?

ಇನ್ನೊಂದು ಪೆನ್ ಡ್ರೈವ್ ಹೌಸ್‌ದು. ಸಂಜೆ ಐದಕ್ಕೆ ಸೌಂಡ್ ಚೆಕ್ ಹೊತ್ತಿಗೆ ಅದನ್ನು ಹಾಕುತ್ತೇನೆ. ಕುರ್ಚಿ ಜೋಡಿಸುವ ಹುಡುಗರು ಬಿಟ್ಟರೆ ಯಾರೂ ಇರುವುದಿಲ್ಲ. ಹಾಡು ಯಾವಾಗ ಶುರು ಅಂತ ಅವರು ಕೇಳುವುದಿಲ್ಲ.