ಅರ್ಧ ಹೊತ್ತಿಗೆ ತಿರುಗುವ ಓಟ

ಈ ಜನವರಿಯಲ್ಲಿ ನಮ್ಮ ಭಾನುವಾರದ ಗುಂಪಿನಿಂದ ಆರು ಮಂದಿ ಮುಂಬೈ ಮ್ಯಾರಥಾನ್‌ನಲ್ಲಿ ಫುಲ್, ಅಂದರೆ ಪೂರ್ತಿ 42 ಕಿಲೋಮೀಟರ್ ಓಡಿದೆವು. ಆರೂ ಮಂದಿ ಮುಗಿಸಿದೆವು. ನಾಲ್ವರಿಗೆ ಎರಡನೆಯ ಅರ್ಧ ಮೊದಲನೆಯದಕ್ಕಿಂತ ಬೇಗ ಮುಗಿಯಿತು. ಆ ದಾರಿ ಓಡಿದವರಿಗೆ ಪೆಡ್ಡರ್ ರಸ್ತೆಯ ಏರು ಗೊತ್ತಿರುತ್ತದೆ. ಮರಳಿ ಬರುವಾಗ ಮೂವತ್ತೈದನೆಯ ಕಿಲೋಮೀಟರಿನ ಆಸುಪಾಸಿನಲ್ಲಿ, ಕಾಲು ಸೋತಿರುವ ಹೊತ್ತಿಗೇ ಅದು ಎದುರಾಗುತ್ತದೆ. ಅಲ್ಲಿ ನಾನು ಒಂದು ಹೆಜ್ಜೆಯನ್ನೂ ನಡೆಯಲಿಲ್ಲ. ನನಗೆ ಈಗ 51. ಹಿಂದಿನ ಫುಲ್‌ಗೆ 5 ಗಂಟೆ 10 ನಿಮಿಷದ ಸುಮಾರು ತೆಗೆದುಕೊಂಡಿದ್ದೆ, ಈ ಸಲ 4 ಗಂಟೆ 22 ನಿಮಿಷ.

ಎರಡು ವರ್ಷದ ಹಿಂದೆ, ಅರ್ಧ ಹೊತ್ತಿಗೆ ಎಲ್ಲರೂ ಇದ್ದಲ್ಲಿಂದಲೇ ತಿರುಗಿ ಬರುವ ಈ ಕ್ರಮವನ್ನು ಶುರು ಮಾಡಿದಾಗ ನಮ್ಮೂರಿನ ಹಿರಿಯ ಓಟಗಾರರೊಬ್ಬರು ಎಲ್ಲರ ಮುಂದೆ, "ಇದು ವಾಯುವಿಹಾರ, ತರಬೇತಿಯಲ್ಲ" ಎಂದಿದ್ದರು. ಅವರ ಮೇಲೆ ನನಗೆ ಗೌರವ ಆಗಲೂ ಇತ್ತು, ಈಗಲೂ ಇದೆ. ಆದರೆ ಆ ಮಾತು ಎರಡು ವರ್ಷ ಎದೆಯಲ್ಲಿ ಕುಳಿತಿತ್ತು. ಈಗ ಬರೆಯಬಹುದು ಎನಿಸಿದೆ.

ಮೈಸೂರಿನಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಲೇಖನ ಸಾಮಗ್ರಿಯ ಅಂಗಡಿ. ಭಾನುವಾರ ಬಾಗಿಲು ಮುಚ್ಚಿರುತ್ತದೆ, ಹಾಗಾಗಿ ಗುಂಪನ್ನು ಕಟ್ಟುವ ಕೆಲಸ ತಾನಾಗಿ ನನ್ನ ಪಾಲಿಗೆ ಬಂತು. ಮೊದಲು ನಾವು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸುತ್ತು ಹಾಕುತ್ತಿದ್ದೆವು. ನೆರಳಿದೆ, ಹಕ್ಕಿಗಳಿವೆ, ಜಾಗದ ಬಗ್ಗೆ ದೂರುವಂಥದ್ದೇನಿಲ್ಲ. ಆದರೆ ಸುತ್ತಿನ ಓಟದಲ್ಲಿ ವೇಗದವರು ನಿಧಾನದವರನ್ನು ಒಂದೇ ಬೆಳಿಗ್ಗೆ ಎರಡು ಮೂರು ಸಲ ದಾಟುತ್ತಾರೆ. ದಾಟುವವರು "ಶಭಾಷ್, ಬನ್ನಿ ಬನ್ನಿ" ಎನ್ನುತ್ತಾರೆ. ಮೂರನೆಯ ಸಲ ಅದನ್ನು ಕೇಳಿಸಿಕೊಂಡವರ ಮುಖವನ್ನು ನಾನು ನೋಡಿದ್ದೇನೆ.

ಆಮೇಲೆ ವೇಗಕ್ಕೆ ತಕ್ಕಂತೆ ಮೂರು ಗುಂಪು ಮಾಡಿದೆವು. ಪುಸ್ತಕದ ಪ್ರಕಾರ ಅದೇ ಸರಿ. ಎರಡು ತಿಂಗಳಲ್ಲಿ ಮೂರನೆಯ ಗುಂಪಿನಲ್ಲಿ ಉಳಿದವರು ಒಬ್ಬರೇ, ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನಲವತ್ತು ದಾಟಿದ ಹೆಂಗಸು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಓಟಕ್ಕೆ ಬರುತ್ತಿದ್ದರು. ಒಂದು ಭಾನುವಾರ ನಾವೆಲ್ಲ ಮುಗಿಸಿ ಅರ್ಧ ಗಂಟೆ ಕಾದೆವು, ಹಸಿವಾಯಿತು, ತಿಂಡಿಗೆ ಹೋದೆವು. ಅವರು ಬಂದಾಗ ಅಲ್ಲಿ ಇದ್ದದ್ದು ಕಾಂಪೌಂಡ್ ಗೋಡೆಯ ಮೇಲಿನ ಅವರ ಚೀಲ ಮಾತ್ರ. ಮುಂದಿನ ವಾರ ಅವರು ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಫೋನ್ ಮಾಡಿದರೆ, "ಇಲ್ಲ ಅಣ್ಣ, ಡ್ಯೂಟಿ ಜಾಸ್ತಿ" ಎಂದರು. ಡ್ಯೂಟಿ ಮೊದಲೂ ಅಷ್ಟೇ ಇತ್ತು.

ಆ ವರ್ಷ ಮಾಡಿದ ಉಳಿದ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ತಡವಾಗಿ ಬಂದವರಿಗೆ ನೂರು ರೂಪಾಯಿ ದಂಡ ಎಂದೆವು. ಎರಡು ಸಾವಿರದ ಚಿಲ್ಲರೆ ಸೇರಿತು, ಆರು ಜನ ಬಿಟ್ಟುಹೋದರು. ತಿಂಗಳಿಗೆ ಎಂಟು ಸಾವಿರ ಕೊಟ್ಟು ಮೂರು ತಿಂಗಳಿಗೆ ಒಬ್ಬ ತರಬೇತುದಾರರನ್ನು ಗೊತ್ತು ಮಾಡಿದೆವು. ಒಳ್ಳೆಯ ಹುಡುಗ, ಶ್ರದ್ಧೆಯಿಂದ ಕಲಿಸಿದ. ಆದರೆ ಅವನ ಇಂಟರ್ವಲ್‌ಗಳು, ಅಂದರೆ ನಡುನಡುವೆ ಬಿಡುವು ಕೊಟ್ಟು ಜೋರಾಗಿ ಓಡುವ ಸುತ್ತುಗಳು, ಇಪ್ಪತ್ತೈದು ವರ್ಷದ ಕಾಲುಗಳಿಗೆ ಹೊಂದುವಂಥವು. ಇಬ್ಬರಿಗೆ ಮೊಳಕಾಲಿನ ಕೆಳಗೆ ಮೂಳೆನೋವು ಬಂದು ಫಿಸಿಯೊಥೆರಪಿಗೆ ಸಲಕ್ಕೆ ನಾನ್ನೂರರಂತೆ ತೆತ್ತರು. ಇನ್ನು ನಾನೇ ಮುಂದೆ ನಿಂತು ಮಾಡಿದ ತಪ್ಪು, ತಿಂಗಳಲ್ಲಿ ಅತಿ ಹೆಚ್ಚು ಕಿಲೋಮೀಟರ್ ಓಡಿದವರಿಗೆ ಟೀ ಶರ್ಟ್ ಬಹುಮಾನ. ಬ್ಯಾಂಕಿನಲ್ಲಿರುವ ಗೆಳೆಯರೊಬ್ಬರು ಆ ಅಂಗಿಗಾಗಿ ನೋವನ್ನು ಮುಚ್ಚಿಟ್ಟುಕೊಂಡು ಓಡಿ ಕಾಲಿನ ಮೂಳೆಯಲ್ಲಿ ಬಿರುಕು ತಂದುಕೊಂಡರು. ಎಂಆರ್‌ಐಗೆ ಏಳು ಸಾವಿರ, ಮನೆಯಲ್ಲಿ ಎರಡು ತಿಂಗಳು. ಇನ್ನೂರೈವತ್ತು ರೂಪಾಯಿಯ ಅಂಗಿ ಅದು. ಅಂದಿನಿಂದ ನಮ್ಮಲ್ಲಿ ಯಾರೂ ಯಾರ ಕಿಲೋಮೀಟರನ್ನೂ ಕೇಳುವುದಿಲ್ಲ.

ಈಗಿನ ಕ್ರಮ ಹುಟ್ಟಿದ್ದು ಮನೆಯಲ್ಲಿ. ಮಗ ಪಿಯುಸಿ ಓದುತ್ತಿದ್ದ, ಕಿಲೋಮೀಟರನ್ನು ಐದು ನಿಮಿಷದಲ್ಲಿ ಓಡುವವನು. ನನಗೆ ಏಳು ಬೇಕು. ಜೊತೆಯಲ್ಲಿ ಓಡಬೇಕೆಂಬ ಆಸೆ ಇಬ್ಬರಿಗೂ ಇತ್ತು, ಸಾಧ್ಯವಾಗುತ್ತಿರಲಿಲ್ಲ. ಒಂದು ದಿನ ಅಂಗಡಿ ತೆರೆಯುವ ಅವಸರದಲ್ಲಿ ಹೇಳಿದೆ: "ನೀನು ನಿನ್ನ ಪಾಡಿಗೆ ಹೋಗು. ಸರಿಯಾಗಿ ಮೂವತ್ತು ನಿಮಿಷಕ್ಕೆ ತಿರುಗು, ನಾನೂ ತಿರುಗುತ್ತೇನೆ." ಮನೆಯ ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಅವನ ಹೆಜ್ಜೆ ಕೇಳಿಸಿತು. "ಅಪ್ಪ, ಬಂದೆ" ಎಂದ. ಇಬ್ಬರೂ ಒಟ್ಟಿಗೆ ಗೇಟು ಮುಟ್ಟಿದೆವು. ಅವನು ಹನ್ನೆರಡು ಕಿಲೋಮೀಟರ್ ಓಡಿದ್ದ, ನಾನು ಎಂಟೂವರೆ.

ಇದು ಹೊಸ ಸಂಗತಿಯಲ್ಲ, ಹೋಗಿ ಬರುವ ಓಟವನ್ನು ನೀವೆಲ್ಲ ಮಾಡಿದ್ದೀರಿ. ಆದರೆ ದೂರದ ಗುರುತನ್ನು ಕಿತ್ತುಹಾಕಿ ಹೊತ್ತಿನ ಗುರುತು ನೆಟ್ಟರೆ ಗುಂಪಿನ ಸ್ವಭಾವವೇ ಬದಲಾಗುತ್ತದೆ. ಎಲ್ಲರೂ ಒಟ್ಟಿಗೆ ಗಡಿಯಾರ ಒತ್ತುತ್ತೇವೆ. ಐವತ್ತು ನಿಮಿಷಕ್ಕೆ ಎಲ್ಲಿದ್ದರೆ ಅಲ್ಲಿಂದಲೇ ತಿರುಗುತ್ತೇವೆ. ತಿರುಗಿದ ಕ್ಷಣದಲ್ಲಿ ಅತ್ಯಂತ ಹಿಂದಿದ್ದವರು ಅತ್ಯಂತ ಮುಂದಿರುತ್ತಾರೆ. ಎಲ್ಲರೂ ತಮ್ಮ ವೇಗವನ್ನು ಕಾಯ್ದುಕೊಂಡರೆ ಎಲ್ಲರೂ ಒಂದೇ ಹೊತ್ತಿಗೆ ಬಂದು ಸೇರುತ್ತಾರೆ. ಕಾಯುವವರಿಲ್ಲ, ಕಾಯಿಸುವವರಿಲ್ಲ.

ಕುಕ್ಕರಹಳ್ಳಿಯಲ್ಲಿ ಇದು ಆಗುವುದಿಲ್ಲ, ಉದ್ದನೆಯ ದಾರಿ ಬೇಕು. ವರುಣಾ ನಾಲೆಯ ಪಕ್ಕದ ದಾರಿಗೆ ಹೋದೆವು, ಹೊರಡುವುದೂ ಬಂದು ಸೇರುವುದೂ ಅಲ್ಲಿನ ಸೇತುವೆಯ ಬಳಿ. ಮೊದಲ ಆರು ವಾರ ಸೋಲು. ಮೊದಲ ಭಾನುವಾರ ನಾನು ಸೀಟಿ ಊದಿದೆ. ಮೂರು ಕಿಲೋಮೀಟರ್ ಮುಂದಿರುವವರಿಗೆ ಸೀಟಿ ಕೇಳಿಸುವುದು ಹೇಗೆ? ಎರಡನೆಯ ವಾರ ಮೂವರು ಹುಡುಗರು ಐವತ್ತೈದಕ್ಕೆ ತಿರುಗಿದರು, ಹೆಚ್ಚು ದೂರ ಸಿಗಲೆಂದು. ಮೂರನೆಯ ವಾರ ಮರಳುವಾಗ ಎಲ್ಲರೂ ಪಂದ್ಯಕ್ಕೆ ಬಿದ್ದರು, ಒಬ್ಬರು ಸೇತುವೆಯ ಬಳಿ ವಾಂತಿ ಮಾಡಿಕೊಂಡರು. ಹಿರಿಯರು ಬಂದದ್ದು ನಾಲ್ಕನೆಯ ವಾರ. ಹೋಗುವಾಗ ಬಾಣದ ಹಾಗೆ ಹೋದವರು ಮರಳಿ ಬಂದಾಗ ಒಂಬತ್ತು ನಿಮಿಷ ತಡ. ವಾಯುವಿಹಾರದ ಮಾತು ಬಂದದ್ದು ಅವತ್ತೇ.

ಆ ಒಂಬತ್ತು ನಿಮಿಷವೇ ನನಗೆ ದಾರಿ ತೋರಿಸಿತು. ಅಂಗಡಿಯಿಂದ ಇನ್ನೂರು ಪುಟದ ಲೆಕ್ಕದ ಪುಸ್ತಕವೊಂದನ್ನು ತಂದೆ. ಓಟ ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಹೆಸರಿನ ಮುಂದೆ ಬರೆಯುವುದು ಒಂದೇ ಅಂಕಿ: ಹೋಗಿದ್ದಕ್ಕೂ ಬಂದದ್ದಕ್ಕೂ ಇರುವ ವ್ಯತ್ಯಾಸ. ತಡವಾದರೆ ಅಧಿಕ ಚಿಹ್ನೆ, ಬೇಗ ಬಂದರೆ ಋಣ ಚಿಹ್ನೆ. ಸೊನ್ನೆಗೆ ಹತ್ತಿರ ಬಂದವರೇ ಅವತ್ತಿನ ಮೇಷ್ಟ್ರು. ಇದರಲ್ಲಿ ಕಿಲೋಮೀಟರಿಗೆ ಐದು ನಿಮಿಷದ ಪೇಸ್‌ನವನೂ ಎಂಟು ನಿಮಿಷದವರೂ ಒಂದೇ ತಕ್ಕಡಿಯಲ್ಲಿ ಕೂರುತ್ತಾರೆ. ಮೊದಲ ತಿಂಗಳಿನ ಪುಟಗಳಲ್ಲಿ ಆರು, ಏಳು, ಹನ್ನೊಂದು ಎಂದು ಇದೆ. ನಾಲ್ಕು ತಿಂಗಳಾಗುವಷ್ಟರಲ್ಲಿ ಹೆಚ್ಚಿನವರದು ಒಂದೂವರೆ ನಿಮಿಷದೊಳಗೆ ಬಂತು. ಹೋಗುವಾಗ ವೇಗವನ್ನು ಹಿಡಿತದಲ್ಲಿಟ್ಟು ಓಡುವುದನ್ನು ಯಾರೂ ಉಪದೇಶ ಮಾಡದೆ ಎಲ್ಲರೂ ಕಲಿತರು. ಮುಂಬೈನಲ್ಲಿ ಉಪಯೋಗಕ್ಕೆ ಬಂದದ್ದು ಅದೇ.

ಶನಿವಾರ ಎಲ್ಲರೂ ಅವರವರ ಬೀದಿಯಲ್ಲಿ ಮೂವತ್ತು ನಿಮಿಷ, ಮಾತಾಡಿಕೊಂಡು ಓಡುವಷ್ಟು ಹಗುರ. ಸಂಜೆಯೊಳಗೆ "ಆಯಿತು" ಎಂಬ ಒಂದು ಪದದ ಸಂದೇಶ ಬಂದರೆ ಸಾಕು, ಪೇಸ್ ಹಾಕಬಾರದು. ಆಗಲಿಲ್ಲ ಎಂದರೂ ಹೇಳಬೇಕು. ಹಾಗೆ ಹೇಳಿದವರಿಗೆ ಯಾರಾದರೊಬ್ಬರು ಫೋನ್ ಮಾಡುತ್ತಾರೆ, ಓಟದ ವಿಷಯ ತೆಗೆಯುವುದಿಲ್ಲ.

ಹುರಿದುಂಬಿಸುವುದರಲ್ಲಿ ನಾವು ಒಂದು ಮಾತನ್ನು ನಿಷೇಧಿಸಿದ್ದೇವೆ: "ಇನ್ನೇನು ಬಂದೇಬಿಟ್ಟಿತು." ಅದು ಯಾವಾಗಲೂ ಸುಳ್ಳು, ಸೋತ ಕಾಲಿಗೆ ಸುಳ್ಳು ಬೇಗ ಗೊತ್ತಾಗುತ್ತದೆ. ಬದಲಿಗೆ ಹೆಸರು ಹಿಡಿದು ಕರೆದು ಇರುವ ಲೆಕ್ಕವನ್ನು ಹೇಳಬೇಕು. "ಅಕ್ಕ, ಸೇತುವೆಗೆ ಇನ್ನು ಹದಿನಾಲ್ಕು ನಿಮಿಷ" ಎಂದರೆ ಅವರು ಉಸಿರನ್ನು ಹದಿನಾಲ್ಕು ನಿಮಿಷಕ್ಕೆ ಹಂಚಿಕೊಳ್ಳುತ್ತಾರೆ. ಹೊಸಬರಿಗೆ ಮೊದಲ ಎಂಟು ವಾರ ಒಬ್ಬ ಜೋಡಿ ಇರುತ್ತಾರೆ, ವೇಗ ಹೊಸಬರದ್ದೇ. ಮುಂಜಾನೆಯ ಕತ್ತಲು ಮತ್ತು ನಾಯಿಗಳ ಕಾರಣಕ್ಕೂ ಇದು ಬೇಕು, ಮುಖ್ಯವಾಗಿ ಹೆಂಗಸರಿಗೆ. ಗಂಡ ಹೆಂಡತಿಯನ್ನು ಮಾತ್ರ ಜೋಡಿ ಮಾಡಬೇಡಿ. ಎರಡು ಸಲ ಪ್ರಯತ್ನಿಸಿದೆವು, ಎರಡು ಸಲವೂ ಕೆಟ್ಟಿತು.

ಕೊನೆಯ ಹತ್ತು ನಿಮಿಷದಲ್ಲಿ ವೇಗದವರು ನಿಧಾನದವರ ಬೆನ್ನ ಹತ್ತಿರ ಬಂದಾಗ ನಾವು ಇನ್ನೂ ಒಂದು ಕೆಲಸ ಮಾಡುತ್ತೇವೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ಓಡಿದವರಿಗೆ ತೋರಿಸುತ್ತೇನೆ.

ಖರ್ಚಿನ ವಿಷಯ. ವಾರಕ್ಕೆ ಇಪ್ಪತ್ತೆರಡರಿಂದ ಇಪ್ಪತ್ತೈದು ಜನ ಸೇರುತ್ತೇವೆ. ಏಲಕ್ಕಿ ಬಾಳೆ ಎರಡು ಕಿಲೋ, ನೂರೈವತ್ತರ ಹತ್ತಿರ. ನೀರಿನ ಕ್ಯಾನು ಎರಡು, ಎಂಬತ್ತು. ಓಆರ್‌ಎಸ್ ಪೊಟ್ಟಣಗಳಿಗೆ ಎಂಬತ್ತು. ಶನಿವಾರ ರಾತ್ರಿಯೇ ದಾರಿಯಲ್ಲಿ ಇಟ್ಟು ಬಂದ ಕ್ಯಾನುಗಳು ಎರಡು ಸಲ ಕಳುವಾದವು. ಈಗ ಐದು ಗಂಟೆಗೇ ಒಲೆ ಹಚ್ಚುವ ಚಹಾದಂಗಡಿಯವರಿಗೆ ನೂರು ರೂಪಾಯಿ ಕೊಡುತ್ತೇವೆ, ಅವರೇ ಕಾಯುತ್ತಾರೆ. ಎಲ್ಲ ಸೇರಿ ನಾನ್ನೂರರ ಆಸುಪಾಸು, ತಲೆಗೆ ಇಪ್ಪತ್ತು ರೂಪಾಯಿ ಹಾಕಿದರೆ ಸ್ವಲ್ಪ ಉಳಿಯುತ್ತದೆ. ತರಬೇತುದಾರರಿದ್ದಾಗ ತಲೆಗೆ ತಿಂಗಳಿಗೆ ಐನೂರಕ್ಕೂ ಮೇಲೆ ಬೀಳುತ್ತಿತ್ತು. ಉಳಿದ ದುಡ್ಡನ್ನು ಸೇರಿಸಿ ಇಬ್ಬರು ಕಾಲೇಜು ಹುಡುಗಿಯರ ಬೆಂಗಳೂರು 10ಕೆ (ಹತ್ತು ಕಿಲೋಮೀಟರ್ ಓಟ) ನೋಂದಣಿ ಶುಲ್ಕ ಕಟ್ಟಿದ್ದೇವೆ. ಶೂಗಳನ್ನು ಹಿಂದಿನ ವರ್ಷದ ಮಾದರಿಯಲ್ಲೇ ಕೊಳ್ಳುತ್ತೇವೆ. ಏಳೂವರೆ ಸಾವಿರದ್ದು ಮೂರೂ ಮುಕ್ಕಾಲಿಗೆ ಸಿಕ್ಕಿದೆ, ಎಲ್ಲಿ ಮತ್ತು ಯಾವ ತಿಂಗಳಲ್ಲಿ ಎಂಬುದು ಗುಂಪಿನೊಳಗಿನ ಮಾತು.

ಶೂ ಎಂದಾಗ ನೆನಪಾಯಿತು. 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದ ಶಿವನಾಥ ಸಿಂಗ್ ಬರಿಗಾಲಿನ ಓಟಕ್ಕೆ ಹೆಸರಾದವರು. ಆ ಹುರುಪಿನಲ್ಲಿ ನಾವು ಐದು ಜನ ಒಂದು ತಿಂಗಳು ಬರಿಗಾಲಿನಲ್ಲಿ ಓಡಿದೆವು. ಹುಲ್ಲಿನ ಮೇಲೆ ಹತ್ತು ನಿಮಿಷ ಸೊಗಸಾಗಿರುತ್ತದೆ, ಪಾದಕ್ಕೆ ಬಲ ಬರುತ್ತದೆ. ಡಾಂಬರಿನ ಮೇಲೆ ಮೂರನೆಯ ದಿನವೇ ಬೊಬ್ಬೆ ಎದ್ದಿತು. ಈಗ ಹುಲ್ಲಿನ ಹತ್ತು ನಿಮಿಷವನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಪ್ರಯೋಗವನ್ನೂ ಹೇಳಬೇಕು. ತಿಂಗಳಿಗೊಮ್ಮೆ ಪಾದದಿಂದ ಹೊರಟು ಸಾವಿರ ಮೆಟ್ಟಿಲು ಹತ್ತುತ್ತೇವೆ, ನಂದಿಯ ಬಳಿ ಒಂದು ನಿಮಿಷ ನಿಲ್ಲುತ್ತೇವೆ. ಹತ್ತುವುದರಿಂದ ತೊಡೆಗೆ ಬಂದ ಶಕ್ತಿ ಬೇರೆ ಯಾವುದರಿಂದಲೂ ಬಂದಿಲ್ಲ. ಮೊದಲ ಎರಡು ತಿಂಗಳು ಮೆಟ್ಟಿಲಲ್ಲೇ ಓಡಿ ಇಳಿದೆವು, ನಾಲ್ಕು ಜನರ ಮಂಡಿ ಹೋಯಿತು. ಈಗ ಹತ್ತಿದ ಮೇಲೆ ದೇವಿಗೆ ಕೈಮುಗಿದು ಸಿಟಿ ಬಸ್ಸಿನಲ್ಲಿ ಇಳಿಯುತ್ತೇವೆ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಆ ಟಿಕೆಟ್ಟಿನ ಖರ್ಚೂ ಇಲ್ಲ. ಮಳೆಗಾಲದಲ್ಲಿ ಮೆಟ್ಟಿಲ ತಂಟೆಗೇ ಹೋಗುವುದಿಲ್ಲ, ಕಲ್ಲು ಜಾರುತ್ತದೆ.

ಹೊಟ್ಟೆಗೆ ಏನು ಎಂದು ಬಹಳ ಜನ ಕೇಳುತ್ತಾರೆ. ಓಡುವಾಗ ಶಕ್ತಿಗೆಂದು ತಿನ್ನುವ ಜೆಲ್ ಒಂದಕ್ಕೆ ನೂರರ ಮೇಲೆ ಕೊಡಬೇಕು, ನಮ್ಮಲ್ಲಿ ಅರ್ಧ ಜನರಿಗೆ ಅದು ಸೇರಲಿಲ್ಲ. ಹೊರಡುವ ಮುಂಚೆ ರಾಗಿ ಅಂಬಲಿಯನ್ನು ಪ್ರಯತ್ನಿಸಿದೆವು. ಮಜ್ಜಿಗೆ ಹಾಕಿದ್ದು ಎಂಟನೆಯ ಕಿಲೋಮೀಟರಿಗೆ ಹುಳಿ ತೇಗು ತಂದಿತು, ಬೆಲ್ಲ ಹಾಕಿ ತೆಳ್ಳಗೆ ಮಾಡಿದ್ದು ಒಗ್ಗಿತು. ಆದರೆ ಓಡುವ ಒಂದೂವರೆ ಗಂಟೆಯ ಮುಂಚೆ ಕುಡಿಯಬೇಕು. ದಾರಿಗೆ ಬೆಲ್ಲ, ಹುರಿದ ಕಡಲೆಕಾಯಿ, ಖರ್ಜೂರ ಕುಟ್ಟಿದ ಉಂಡೆ. ಉಪ್ಪು ಎಷ್ಟು ಹಾಕುತ್ತಾರೆಂಬುದು ನನ್ನ ಹೆಂಡತಿಗೆ ಮಾತ್ರ ಗೊತ್ತು, ನಾನು ಕೇಳಿಲ್ಲ.

ನರ್ಸ್ ಅಕ್ಕನನ್ನು ಮರಳಿ ಕರೆಯಲು ಮೂರು ಸಲ ಮನೆಗೆ ಹೋದೆ. ಚೀಲದ ಸಂಗತಿಗೆ ಕ್ಷಮೆ ಕೇಳಿದೆ. ಮೂರನೆಯ ಸಲ, "ಒಂದು ವಾರ ಬಂದು ನೋಡುತ್ತೇನೆ" ಎಂದರು. ಅವರಿಗೆ ಬ್ಯಾಂಕಿನ ಗೆಳೆಯರನ್ನೇ ಜೋಡಿ ಮಾಡಿದೆ, ಮೂಳೆ ಕೂಡಿ ಆಗಷ್ಟೇ ಓಟಕ್ಕೆ ಮರಳಿದ್ದರು. ಅವತ್ತು ಐವತ್ತಕ್ಕೆ ಎಲ್ಲರೂ ತಿರುಗಿದ ಮೇಲೆ ಇಡೀ ದಾರಿಯಲ್ಲಿ ಅವರಿಬ್ಬರೇ ಮುಂದೆ. ಸೇತುವೆ ಕಾಣುವ ತಿರುವಿನಲ್ಲಿ ಅಕ್ಕ ಹಿಂದಕ್ಕೆ ನೋಡಿದರಂತೆ. ಇಪ್ಪತ್ತು ಜನ ತಮ್ಮ ಹಿಂದೆ ಬರುತ್ತಿದ್ದಾರೆ. ಸೇತುವೆ ಮುಟ್ಟಿದಾಗ ಅವರ ಪಕ್ಕದಲ್ಲಿ ನನ್ನ ಮಗ ಇದ್ದ, ನಾನಿದ್ದೆ, ಹಿಂದೆಯೇ ಉಳಿದವರೆಲ್ಲ. ಪುಸ್ತಕದಲ್ಲಿ ಅವರು ಬರೆದ ಅಂಕಿ ಸೊನ್ನೆ. ಕಳೆದ ವರ್ಷ ಹಾಫ್ ಅನ್ನು, ಅಂದರೆ 21 ಕಿಲೋಮೀಟರನ್ನು, 2 ಗಂಟೆ 50 ನಿಮಿಷದೊಳಗೆ ಮುಗಿಸಿದರು.

ಹಿರಿಯರು ಈಗ ತಿಂಗಳಿಗೆ ಎರಡು ಸಲ ಬರುತ್ತಾರೆ. ಹಿಂದಿನ ವಾರ ಅವರ ವ್ಯತ್ಯಾಸ ನಲವತ್ತು ಸೆಕೆಂಡು. ಬರುವ ಭಾನುವಾರ ಐವತ್ತೈದು ಹೋಗುವುದು, ಐವತ್ತೈದು ಬರುವುದು. ಐದೂಕಾಲಿಗೆ ಸರಿಯಾಗಿ ಗಡಿಯಾರ ಒತ್ತುತ್ತೇವೆ. ಬಾಳೆಹಣ್ಣು ತರುವ ಸರದಿ ನನ್ನದು.