ನಿಂತುಹೋದ ರೆಪ್ಲಿಕಾಗೆ ರೀಸೆಟ್: ಯಾವಾಗ, ಹೇಗೆ? (ಮೈಎಸ್‌ಕ್ಯೂಎಲ್ 8.4)

ರೆಪ್ಲಿಕಾ (ಮುಖ್ಯ ಡೇಟಾಬೇಸ್ ಸರ್ವರ್ ಆದ 'ಸೋರ್ಸ್'ನ ಬದಲಾವಣೆಗಳನ್ನು ನಕಲು ಮಾಡುತ್ತಾ ಹೋಗುವ ಸರ್ವರ್) ನಿಂತಿತು ಅಂದ ಕೂಡಲೇ ನಮ್ಮ ಟೀಮಿನ ಹುಡುಗರು ಕೇಳುವುದು ಒಂದೇ: "ಸಾರ್, ರೀಸೆಟ್ ಹೊಡೆದುಬಿಡಲಾ?" ತಡಿಯಪ್ಪಾ, ಮೊದಲು 'ಶೋ ರೆಪ್ಲಿಕಾ ಸ್ಟೇಟಸ್' ಹಾಕಿ ಪೂರ್ತಿ ಓದು ಅನ್ನುತ್ತೇನೆ. ರೀಸೆಟ್ ಮಾಡಿದರೆ ಎಲ್ಲಿವರೆಗೆ ಓದಿತ್ತು ಅನ್ನುವ ಗುರುತು, ರಿಲೇ ಲಾಗ್ (ಸೋರ್ಸ್‌ನಿಂದ ತಂದಿಟ್ಟುಕೊಂಡ ಬದಲಾವಣೆಗಳ ಫೈಲ್) ಅಳಿಸುತ್ತವೆ, ಅಷ್ಟೇ. ಕೆಟ್ಟ ಡೇಟಾ ಸರಿಹೋಗುವುದಿಲ್ಲ.

ಐಒ ಥ್ರೆಡ್ (ಸೋರ್ಸ್‌ನಿಂದ ಬದಲಾವಣೆಗಳನ್ನು ತರುವ ಭಾಗ) ನಿಂತು 1236 ಎರರ್ ಬಂದಿದ್ದರೆ, ಹೆಚ್ಚಾಗಿ ರೆಪ್ಲಿಕಾ ಕೇಳುತ್ತಿರುವ ಬಿನ್‌ಲಾಗ್ (ಬದಲಾವಣೆಗಳ ದಾಖಲೆ ಫೈಲ್) ಸೋರ್ಸ್‌ನಲ್ಲಿ ಅಳಿಸಿಹೋಗಿರುತ್ತದೆ. ಡೀಫಾಲ್ಟ್ ಆಗಿ ಬಿನ್‌ಲಾಗ್ 30 ದಿನ ಇರುತ್ತದೆ, ಆದರೆ ಡಿಸ್ಕ್ ಉಳಿಸಲು ಅದನ್ನು ಕಮ್ಮಿ ಮಾಡಿಟ್ಟವರೇ ಜಾಸ್ತಿ. ಎಸ್‌ಕ್ಯೂಎಲ್ ಥ್ರೆಡ್ (ತಂದ ಬದಲಾವಣೆಗಳನ್ನು ರೆಪ್ಲಿಕಾದಲ್ಲಿ ಹಾಕುವ ಭಾಗ) 1062 (ಅದೇ ಕೀ ಮೊದಲೇ ಇದೆ) ಅಥವಾ 1032 (ಸಾಲು ಸಿಗಲಿಲ್ಲ) ಅಂತ ನಿಂತಿದ್ದರೆ ಎರಡೂ ಕಡೆಯ ಡೇಟಾ ಬೇರೆಬೇರೆಯಾಗಿದೆ ಅಂತ ಅರ್ಥ. ಯಾರೋ ರೆಪ್ಲಿಕಾದಲ್ಲೇ ಬರೆದಿರಬಹುದು. ಆ ಒಂದು ಟ್ರಾನ್ಸಾಕ್ಷನ್ ಸ್ಕಿಪ್ ಮಾಡಿ ಓಡಿಸುವುದು ನನಗೆ ಒಪ್ಪಿಗೆಯಿಲ್ಲ. ಇನ್ನೆಷ್ಟು ಸಾಲು ತಪ್ಪಿವೆಯೋ ಯಾರಿಗೆ ಗೊತ್ತು? ಈ ಎರಡೂ ಕೇಸಿನಲ್ಲಿ ಹೊಸದಾಗಿ ಕಟ್ಟಿ.

ಕರೆಂಟ್ ಹೋಗಿ ರಿಲೇ ಲಾಗ್ ಮಾತ್ರ ಕೆಟ್ಟಿದ್ದು, ಜಿಟಿಐಡಿ (ಪ್ರತಿ ಟ್ರಾನ್ಸಾಕ್ಷನ್‌ಗೂ ಇರುವ ಗುರುತಿನ ಸಂಖ್ಯೆ) ನೋಡಿ ಎಲ್ಲಿಂದ ಓದಬೇಕೆಂದು ತಾನೇ ತಿಳಿಯುವ ಆಟೋ ಪೊಸಿಷನ್ ಆನ್ ಇದ್ದರೆ ಕೆಲಸ ಸುಲಭ. 'ಸ್ಟಾಪ್ ರೆಪ್ಲಿಕಾ', 'ರೀಸೆಟ್ ರೆಪ್ಲಿಕಾ', 'ಸ್ಟಾರ್ಟ್ ರೆಪ್ಲಿಕಾ'. ಸೋರ್ಸ್‌ನ ವಿಳಾಸ, ಯೂಸರ್ ಹಾಗೇ ಉಳಿಯುತ್ತವೆ.

ಹೊಸದಾಗಿ ಕಟ್ಟುವಾಗ ಸೋರ್ಸ್‌ನಲ್ಲಿ ಮೈಎಸ್‌ಕ್ಯೂಎಲ್‌ಡಂಪ್ (ಡೇಟಾ ಎಲ್ಲವನ್ನೂ ಒಂದು ಫೈಲಿಗೆ ಬರೆಯುವ ಟೂಲ್) ತೆಗೆಯಿರಿ. ಆಲ್ ಡೇಟಾಬೇಸಸ್, ಸಿಂಗಲ್ ಟ್ರಾನ್ಸಾಕ್ಷನ್, ರೂಟೀನ್ಸ್, ಇವೆಂಟ್ಸ್ ಆಯ್ಕೆಗಳನ್ನು ಮರೆಯಬೇಡಿ. ಡಂಪ್ ಮುಗಿಯುವವರೆಗೆ ಯಾರೂ ಆಲ್ಟರ್ ಟೇಬಲ್ ಹಾಕಬಾರದು. ಫೈಲಿನ ಮೊದಲ ಸಾಲುಗಳಲ್ಲಿ 'ಜಿಟಿಐಡಿ_ಪರ್ಜ್ಡ್' ಇದೆಯಾ ನೋಡಿ. ರೆಪ್ಲಿಕಾ ಎಲ್ಲಿಂದ ಮುಂದುವರಿಯಬೇಕು ಅನ್ನುವುದು ಅದರಲ್ಲೇ ಇರುತ್ತದೆ. ಡೇಟಾ ತೀರಾ ದೊಡ್ಡದಿದ್ದರೆ ಡಂಪ್ ಬಿಟ್ಟು ಕ್ಲೋನ್ ಪ್ಲಗಿನ್ (ಸೋರ್ಸ್‌ನ ಡೇಟಾವನ್ನು ನೇರವಾಗಿ ನಕಲಿಸುವ ಸೌಲಭ್ಯ) ಬಳಸಿ.

ಇನ್ನು ರೆಪ್ಲಿಕಾ ಕಡೆ. ಏನೂ ಟೈಪ್ ಮಾಡುವ ಮೊದಲು 'ಸೆಲೆಕ್ಟ್ @@ಹೋಸ್ಟ್‌ನೇಮ್' ಹಾಕಿ, ಬಂದ ಹೆಸರನ್ನು ಪಕ್ಕದವರಿಗೆ ಜೋರಾಗಿ ಓದಿ ಹೇಳಿ. ನಮ್ಮಲ್ಲಿ ಇದು ಕಡ್ಡಾಯ. ಯಾಕೆಂದರೆ ಮುಂದೆ ಬರುವ 'ರೀಸೆಟ್ ಬೈನರಿ ಲಾಗ್ಸ್ ಆ್ಯಂಡ್ ಜಿಟಿಐಡಿಸ್' ಅನ್ನು ಸೋರ್ಸ್‌ನಲ್ಲಿ ಹೊಡೆದರೆ ಬಿನ್‌ಲಾಗ್ ಎಲ್ಲಾ ಅಳಿಸಿ, ಉಳಿದ ರೆಪ್ಲಿಕಾಗಳೂ ಕೆಡುತ್ತವೆ.

ಹೆಸರು ಸರಿ ಇದ್ದರೆ ಸೂಪರ್_ರೀಡ್_ಓನ್ಲಿ (ಅಡ್ಮಿನ್ ಕೂಡ ಬರೆಯದಂತೆ ತಡೆಯುವ ಸೆಟ್ಟಿಂಗ್) ಆಫ್ ಮಾಡಿ. 'ಸ್ಟಾಪ್ ರೆಪ್ಲಿಕಾ', 'ರೀಸೆಟ್ ರೆಪ್ಲಿಕಾ ಆಲ್', ಆಮೇಲೆ ಆ ಬೈನರಿ ಲಾಗ್ಸ್ ರೀಸೆಟ್. ಡಂಪ್ ಲೋಡ್ ಆದ ಮೇಲೆ 'ಚೇಂಜ್ ರೆಪ್ಲಿಕೇಷನ್ ಸೋರ್ಸ್ ಟು' ಕಮಾಂಡಿನಲ್ಲಿ ಹೋಸ್ಟ್, ಯೂಸರ್, ಪಾಸ್‌ವರ್ಡ್ ಕೊಟ್ಟು 'ಸೋರ್ಸ್_ಆಟೋ_ಪೊಸಿಷನ್ = 1' ಸೇರಿಸಿ. 'ಸೋರ್ಸ್_ಎಸ್‌ಎಸ್‌ಎಲ್ = 1' ಕೂಡ ಇರಲಿ. ಕೊನೆಗೆ ಸ್ಟಾರ್ಟ್.

ಎರಡೂ ಥ್ರೆಡ್ 'ಯೆಸ್' ಅಂದ ಮಾತ್ರಕ್ಕೆ ಎದ್ದು ಹೋಗಬೇಡಿ. ಸೋರ್ಸ್‌ನ ಟೆಸ್ಟ್ ಟೇಬಲ್‌ಗೆ ಒಂದು ಸಾಲು ಸೇರಿಸಿ, ರೆಪ್ಲಿಕಾದಲ್ಲಿ ಬಂತಾ ಅಂತ ಕಣ್ಣಾರೆ ನೋಡಿ. ಬಂದಿದ್ದರೆ 'ಸೆಟ್ ಪರ್ಸಿಸ್ಟ್ ಸೂಪರ್_ರೀಡ್_ಓನ್ಲಿ = ಆನ್' ಹಾಕಿ. ಬರೀ ರೀಡ್_ಓನ್ಲಿ ಸಾಲದು, ಅಡ್ಮಿನ್ ಅಧಿಕಾರ ಇರುವವರು ಆಗಲೂ ಬರೆಯಬಲ್ಲರು.