ನೋವು ಹೋಗಿಲ್ಲ, ಆದರೂ ಬಣ್ಣ ಹಚ್ಚುತ್ತೇನೆ

ಚಿತ್ರ ಬಿಡಿಸಲು ಶುರು ಮಾಡಿದ ಮೇಲೆ ನೋವು ಹೋಯಿತಾ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ, ಹೋಗಿಲ್ಲ. ಸೊಂಟದಿಂದ ಎಡಗಾಲಿಗೆ ಇಳಿಯುವ ಸೆಳೆತ, ಕುತ್ತಿಗೆ ಬಿಗಿತ, ಬಲ ಮಣಿಕಟ್ಟಿನ ನೋವು ಎಲ್ಲವೂ ಇವತ್ತೂ ಇವೆ. ಮಾತ್ರೆ, ಫಿಸಿಯೋಥೆರಪಿ ನಡೆಯುತ್ತಲೇ ಇವೆ. ಆದರೆ ಮೊದಲು ಕಣ್ಣು ಬಿಟ್ಟ ತಕ್ಷಣ ಇವತ್ತು ಎಲ್ಲೆಲ್ಲಿ ನೋಯುತ್ತಿದೆ ಅಂತ ಲೆಕ್ಕ ಹಾಕುತ್ತಿದ್ದೆ. ಈಗ ನಿನ್ನೆ ಹಚ್ಚಿದ ಬಣ್ಣ ಒಣಗಿದ ಮೇಲೆ ಹೇಗಾಗಿದೆಯೋ ಅಂತ ನೋಡಲು ಏಳುತ್ತೇನೆ. ನನ್ನ ಮಟ್ಟಿಗೆ ಇದು ದೊಡ್ಡ ಬದಲಾವಣೆ.

3 ತಿಂಗಳು ದಾಟಿದ ಮೇಲೂ ಉಳಿಯುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಅನ್ನುತ್ತಾರೆ. ಮೊದಲಿನ ಗಾಯ ಮಾಗಿದ್ದರೂ ಕೆಲವರಲ್ಲಿ ನರಗಳು ತುಂಬಾ ಸೂಕ್ಷ್ಮವಾಗಿಯೇ ಉಳಿದು, ಸಣ್ಣದಕ್ಕೂ ನೋವಿನ ಸುದ್ದಿ ಕಳಿಸುತ್ತಿರುತ್ತವೆ. ಈ ಸುದ್ದಿ ಮಿದುಳಿಗೆ ನೇರವಾಗಿ ಹೋಗುವುದಿಲ್ಲ, ಬೆನ್ನುಹುರಿಯಲ್ಲೇ ಅದು ಹೆಚ್ಚು ಕಡಿಮೆ ಆಗಬಹುದು ಅಂತ ನೋವಿನ ಬಗ್ಗೆ ಸಂಶೋಧನೆ ಮಾಡಿದ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಹೇಳಿದರು. ನಮ್ಮ ಗಮನ ಎಲ್ಲಿದೆ, ಮನಸ್ಸು ಹೇಗಿದೆ ಅನ್ನುವುದಕ್ಕೂ ಇದರಲ್ಲಿ ಪಾಲಿದೆ. ಒದ್ದೆ ಕಾಗದದ ಮೇಲೆ ಎರಡು ಬಣ್ಣ ಒಂದಕ್ಕೊಂದು ಹರಿಯುವುದನ್ನು ನೋಡುವಾಗ ನನಗೆ ಆಗುವುದೂ ಅದೇ ಇರಬೇಕು. ನೋವು ಇರುತ್ತದೆ, ಆದರೆ ಸ್ವಲ್ಪ ಹೊತ್ತು ಹಿಂದಿನ ಸಾಲಿಗೆ ಹೋಗಿರುತ್ತದೆ.

ನಾನು ಹಿಡಿದದ್ದು ವಾಟರ್ ಕಲರ್. ಹೊಸಬರಿಗೆ ಅದು ಕಷ್ಟ, ತಪ್ಪು ತಿದ್ದಲು ಆಗಲ್ಲ, ಅಕ್ರಿಲಿಕ್‌ನಿಂದ ಶುರು ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನೋವಿರುವವರಿಗೆ ಈ ಸಲಹೆ ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಕ್ರಿಲಿಕ್ ಬೇಗ ಒಣಗಿ ಗಟ್ಟಿಯಾಗುತ್ತದೆ, ಸೆಳೆತ ಬಂತು ಅಂತ ಎದ್ದು ಹೋಗಿ ಮಲಗಿದರೆ ಬ್ರಷ್ ಹಾಳು. ಆಯಿಲ್ ಪೇಂಟ್‌ನಲ್ಲಿ ಕೆಲಸ ಮುಗಿದ ಮೇಲೆ ಟರ್ಪಂಟೈನ್‌ನಲ್ಲಿ ತೊಳೆಯುವ ಕೆಲಸವೇ ಇನ್ನೊಂದಿಷ್ಟು, ವಾಸನೆ ಬೇರೆ. ವಾಟರ್ ಕಲರ್ ಬಿಲ್ಲೆಗಳನ್ನು ಯಾವ ಕ್ಷಣದಲ್ಲಾದರೂ ಬಿಟ್ಟು ಏಳಬಹುದು. ವಾರ ಬಿಟ್ಟು ಬಂದರೂ ಎರಡು ಹನಿ ನೀರು ಬಿದ್ದರೆ ಬಣ್ಣ ಮತ್ತೆ ಕರಗುತ್ತದೆ.

ಇನ್ನೊಂದು ವಿಷಯ ನನಗೆ ಆಮೇಲೆ ಗೊತ್ತಾಗಿದ್ದು, ಮತ್ತು ಇದೇ ನನ್ನನ್ನು ಇಲ್ಲಿ ಹಿಡಿದು ನಿಲ್ಲಿಸಿದ್ದು: ವಾಟರ್ ಕಲರ್‌ನಲ್ಲಿ ಕಾಯಲೇಬೇಕು. ಒಂದು ಪದರ ಪೂರ್ತಿ ಒಣಗದೆ ಮೇಲಿನದು ಹಚ್ಚಿದರೆ ಕಲೆ ಬೀಳುತ್ತದೆ. ಹಾಗಾಗಿ ಒಂದು ಪದರ ಹಚ್ಚುತ್ತೇನೆ, ಎದ್ದು ನಾಲ್ಕು ಹೆಜ್ಜೆ ನಡೆಯುತ್ತೇನೆ, ಬೆನ್ನು ನೇರ ಮಾಡಿ ಮಲಗುತ್ತೇನೆ, ವಾಪಸ್ ಬರುವಷ್ಟರಲ್ಲಿ ಕಾಗದ ಒಣಗಿರುತ್ತದೆ. ಬೇರೆ ಕೆಲಸಗಳಲ್ಲಿ ವಿಶ್ರಾಂತಿ ಅಂದರೆ ಕೆಲಸ ನಿಲ್ಲಿಸುವುದು, ಮನಸ್ಸಿಗೆ ಬೇಸರ. ಇಲ್ಲಿ ನಾನು ಮಲಗಿದ್ದಾಗಲೂ ಚಿತ್ರದ ಕೆಲಸ ನಡೆಯುತ್ತಿರುತ್ತದೆ.

ಟೈಮರ್ ಇಡುತ್ತೇನೆ, 15 ನಿಮಿಷಕ್ಕೆ. ನೋವು ಕಡಿಮೆ ಇರುವ ದಿನ ಜಾಸ್ತಿ ಮಾಡಿ, ಅದರ ಮರುದಿನ ಹಾಸಿಗೆ ಹಿಡಿಯುವುದು ನಮ್ಮಂಥವರಿಗೆಲ್ಲ ಗೊತ್ತಿರುವ ಸುತ್ತು, ಅಲ್ವಾ? ನೋವು ಹೇಳುವ ಮೊದಲೇ ಗಡಿಯಾರ ಹೇಳಬೇಕು. ಚಿತ್ರ ಚೆನ್ನಾಗಿ ಬರುತ್ತಿರುವಾಗ ಏಳುವುದು ತುಂಬಾ ಕಷ್ಟ. ಏಳಲೇಬೇಕಾದದ್ದೂ ಆಗಲೇ.

ಕಾಗದ ಇಡುವ ಹಲಗೆಯನ್ನು ಮಟ್ಟಸವಾಗಿ ಇಟ್ಟರೆ ಕುತ್ತಿಗೆ ಬಗ್ಗುತ್ತದೆ, ಹಿಂದೆ ಎರಡು ದಪ್ಪ ಪುಸ್ತಕ ಕೊಟ್ಟು ಓರೆ ಮಾಡಿಕೊಳ್ಳಿ. ಬ್ರಷ್ ಹಿಡಿಗೆ ಫೋಮ್ ಸುತ್ತಿ ದಪ್ಪ ಮಾಡಿದರೆ ಬೆರಳು ಬಿಗಿಯಾಗಿ ಒತ್ತಬೇಕಾಗಿಲ್ಲ. 10ನೇ ನಂಬರಿನ ದುಂಡು ಬ್ರಷ್ ಸಾಕು, ತುದಿ ಚೂಪಾಗಿದ್ದರೆ ಸಣ್ಣ ಗೆರೆಯೂ ಬರುತ್ತದೆ, ಅಗಲ ಜಾಗವೂ ತುಂಬುತ್ತದೆ. ಅದನ್ನು ಹಿಡಿಯ ಹಿಂತುದಿಯಲ್ಲಿ ಹಿಡಿದು ಮಣಿಕಟ್ಟಿನ ಬದಲು ಮೊಣಕೈಯಿಂದ ಆಡಿಸಿ. ಕಾಗದದಲ್ಲಿ ಮಾತ್ರ ಜಿಪುಣತನ ಬೇಡ. 300 ಜಿಎಸ್‌ಎಮ್ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಇದ್ದರೆ ನೀರಿಗೆ ಅಷ್ಟಾಗಿ ಸುರುಟಿಕೊಳ್ಳುವುದಿಲ್ಲ, ಹತ್ತಿಯ ಕಾಗದವಾದರೆ ಜಾಸ್ತಿ ಹೊತ್ತು ಒದ್ದೆಯಾಗಿದ್ದು ಅವಸರ ತಪ್ಪಿಸುತ್ತದೆ.

ಏಳಲು ಆಗದ ದಿನ ಹಿಡಿಯೊಳಗೇ ನೀರು ತುಂಬಿಕೊಳ್ಳುವ ಬ್ರಷ್ ಮತ್ತು ಅಂಗೈ ಅಗಲದ ಪುಸ್ತಕ. ಮೆಕ್ಸಿಕೋದ ಚಿತ್ರಕಲಾವಿದೆ ಫ್ರಿಡಾ ಕಾಲೋ 1925ರಲ್ಲಿ ಬಸ್ ಅಪಘಾತದಲ್ಲಿ ಜಜ್ಜಿಹೋದ ಮೇಲೆ ಮಲಗಿಕೊಂಡೇ ಬಿಡಿಸಲು ಶುರು ಮಾಡಿದರು, ಮಂಚದ ಮೇಲ್ಗಡೆ ಕನ್ನಡಿ, ಮಲಗಿದವರಿಗೆ ಹೊಂದುವ ಈಸೆಲ್ (ಚಿತ್ರ ನಿಲ್ಲಿಸುವ ಸ್ಟ್ಯಾಂಡ್). ಸಂಧಿವಾತದಿಂದ ಫ್ರಾನ್ಸಿನ ಚಿತ್ರಕಾರ ರೆನ್ವಾರ್ ಅವರ ಬೆರಳು ಸೊಟ್ಟಗಾದಾಗ ಬೇರೆಯವರು ಬ್ರಷ್ ಕೈಗೆ ಕೊಡುತ್ತಿದ್ದರು. ಇವರನ್ನು ತೋರಿಸಿ 'ನೋವಿದ್ದರೇ ಒಳ್ಳೆ ಕಲೆ ಹುಟ್ಟುವುದು' ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನೋವು ಏನನ್ನೂ ಕೊಡಲಿಲ್ಲ. ಅವರು ಕೆಲಸ ಮಾಡುವ ದಾರಿ ಹುಡುಕಿಕೊಂಡರು, ನಾನು ಅವರಿಂದ ಕಲಿತದ್ದು ಆ ದಾರಿ.

ತೀರಾ ಕೆಟ್ಟ ದಿನ ಚಿತ್ರವನ್ನೇ ಬಿಡಿಸುವುದಿಲ್ಲ, ಸುಮ್ನೆ ಬಣ್ಣ ಬೆರೆಸುತ್ತೇನೆ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಕಂದು ಸೇರಿಸಿ ನೋಡಿ. ನೀಲಿ ಜಾಸ್ತಿಯಾದರೆ ಮಳೆಮೋಡದ ಬೂದು, ಕಂದು ಜಾಸ್ತಿಯಾದರೆ ಒದ್ದೆ ಮಣ್ಣು, ನೀರು ಕಡಿಮೆ ಮಾಡಿದರೆ ಹೆಚ್ಚುಕಮ್ಮಿ ಕಪ್ಪು. ಅಲ್ಟ್ರಾಮರೀನ್‌ನ ಕಣಗಳು ಕಾಗದದ ಸಣ್ಣ ಗುಳಿಗಳಲ್ಲಿ ಕೂತು ಒಣಗಿದಾಗ ಪುಡಿಪುಡಿಯಾಗಿ ಕಾಣುವುದನ್ನು ನೋಡಿ ನನಗೆ ಇನ್ನೂ ಬೇಸರ ಬಂದಿಲ್ಲ. ಎರಡೇ ಬಣ್ಣ, ಒಂದೇ ಬ್ರಷ್, ಹೊಸದಾಗಿ ಶುರು ಮಾಡುವವರಿಗೆ ಇಷ್ಟೇ ಸಾಕು. ಕೈ ಜೋಮು ಹಿಡಿಯುವುದು ಅಥವಾ ಬಲ ಕಡಿಮೆಯಾಗುವುದು ಕಂಡರೆ ಬ್ರಷ್ ಕೆಳಗಿಟ್ಟು ವೈದ್ಯರಿಗೆ ತೋರಿಸಿ, ಅದನ್ನು ತಡ ಮಾಡಬೇಡಿ.